ಎಡ ಸೊಂಟದ ಪೌಚು

ನನ್ನ ಗಂಡನ ರಿವಾಲ್ವರ್ ಈಗ ಪೊಲೀಸ್ ಸ್ಟೇಷನ್ನಿನಲ್ಲಿದೆ. ಲೈಸೆನ್ಸ್ ಅವರ ಹೆಸರಿನಲ್ಲಿತ್ತು. ಅವರು ಹೋದ ಮೇಲೆ ಅದನ್ನು ಮನೆಯಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ. ಅದನ್ನು ಸೊಂಟಕ್ಕೆ ಕಟ್ಟಿಕೊಳ್ಳುತ್ತಿದ್ದ ಚರ್ಮದ ಹೋಲ್‌ಸ್ಟರನ್ನು ಸ್ಟೇಷನ್ನಿನವರು ಕೇಳಲಿಲ್ಲ. ನಮ್ಮ ಮನೆಯಲ್ಲಿ ಅದಕ್ಕೆ ಪೌಚು ಎನ್ನುತ್ತಿದ್ದೆವು. ಈ ಸಲ ಕಾಫಿ ಕುಯ್ಲು ಮುಗಿದ ಮೇಲೆ ಅವರ ಗೆಳೆಯರು ಬಂದು ಅದನ್ನು ತಮಗೆ ಕೊಡುತ್ತೀರಾ ಎಂದು ಕೇಳಿದರು.

ಗೆಳೆಯರೆಂದರೆ ಒಬ್ಬರೇ, ಪಕ್ಕದ ತೋಟದವರು. ಅವರೂ ನನ್ನ ಗಂಡನೂ ಒಂದೇ ಶಾಲೆಗೆ ಹೋದವರು, ಮುಂದೆ ಒಂದೇ ಥರದ ರಿವಾಲ್ವರ್ ಕೊಂಡವರು. ನಾನು ಈ ಮನೆಗೆ ಬರುವ ಹೊತ್ತಿಗೆ ನನ್ನ ಗಂಡನಲ್ಲಿ ಅರ್ಧ ಪಾಲು ಅವರದಾಗಿತ್ತು. ಹೀಗೆ ಬರೆಯುವುದು ಸರಿಯಲ್ಲವೇನೋ, ಆದರೆ ನನಗೆ ಅನಿಸುತ್ತಿದ್ದದ್ದು ಹಾಗೆಯೇ.

ಬಟವಾಡೆಯ ದಿನ ಆಳುಗಳಿಗೆ ಕೂಲಿ ಹಂಚಲು ಮೂಡಿಗೆರೆಯಿಂದ ದುಡ್ಡು ತರಬೇಕು. ಒಮ್ಮೆ ಯಾರೋ ಬೈಕಿನಲ್ಲಿ ತೋಟದ ತಿರುವಿನವರೆಗೂ ಜೀಪನ್ನು ಹಿಂಬಾಲಿಸಿದ ಮೇಲೆ ನನ್ನ ಗಂಡ ರಿವಾಲ್ವರಿಗೆ ಅರ್ಜಿ ಹಾಕಿದರು. ಸಿಕ್ಕಿತು. ಆದರೆ ಕಾಣುವಂತೆ ಕಟ್ಟಿಕೊಳ್ಳಲು ನಾಚಿಕೆ. "ಆಳುಗಳ ಮುಂದೆ ಸಿನಿಮಾ ವಿಲನ್ ಥರ ನಿಲ್ಲಕ್ಕಾಗ್ತದಾ?" ಎನ್ನುತ್ತಿದ್ದರು. ಅಂಗಿಯೊಳಗೇ ಇರಬೇಕು, ಉಬ್ಬು ಕಾಣಬಾರದು, ಚುಚ್ಚಲೂಬಾರದು.

ನಾನು ಹಳೆಯ ಜೀನ್ಸ್ ಬಟ್ಟೆಯನ್ನು ಎರಡು ಪದರ ಮಾಡಿ ಒಂದು ಚೀಲ ಹೊಲಿದೆ. ಅವರು ನಿದ್ದೆಯಲ್ಲಿ ಯಾವ ಮಗ್ಗುಲಿಗೆ ಹೊರಳುತ್ತಾರೆ, ಬೆಲ್ಟಿನ ಯಾವ ತೂತು ಹಿಗ್ಗಿದೆ, ಎಲ್ಲ ಬಲ್ಲವಳು ನಾನು. ಬೆನ್ನಿನ ನಡುವೆ ಬರುವಂತೆ ಪಟ್ಟಿ ಇಟ್ಟೆ. ಇವರು ಕಟ್ಟಿಕೊಂಡು ಅಂಗಳದಲ್ಲಿ ಓಡಾಡಿ, "ಭಾರೀ ಚೆನ್ನಾಗಿದೆ ಮಾರಾಯ್ತಿ" ಎನ್ನುವಾಗಲೇ ಗೆಳೆಯರು ಬಂದರು. ಚೀಲದೊಳಗೆ ಬೆರಳು ಹಾಕಿ ನೋಡಿದರು.

"ಅತ್ತಿಗೆ, ಬೇಜಾರು ಮಾಡ್ಕೋಬೇಡಿ. ಈ ಬಟ್ಟೆ ಮಡಚ್ಕೊಂಡು ಟ್ರಿಗರ್‌ಗೆ ಸಿಕ್ಕಿದ್ರೆ ಇವನು ಕೂರೋ ಜಾಗವೇ ಹಾರಿಹೋಗ್ತದೆ."

ಇವರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ. ಆ ಚೀಲ ಈಗಲೂ ಅಡುಗೆಮನೆಯಲ್ಲಿದೆ, ಬಿಸಿ ಪಾತ್ರೆ ಹಿಡಿಯಲು.

ಚಿಕ್ಕಮಗಳೂರಿನ ಕೋವಿ ಅಂಗಡಿಗೆ ಮೂವರೂ ಹೋದೆವು. ಮುಂದೆ ಅವರಿಬ್ಬರು, ಹಿಂದಿನ ಸೀಟಿನಲ್ಲಿ ನಾನು. ಪ್ಯಾಂಟಿನೊಳಗೆ ಸಿಕ್ಕಿಸುವ ಪೌಚು ಚೆನ್ನಾಗಿ ಅಡಗುತ್ತಿತ್ತು, ಆದರೆ ಅದರ ಕ್ಲಿಪ್ಪು ಹೊಟ್ಟೆಗೆ ಒತ್ತುತ್ತಿತ್ತು. ಬೆನ್ನ ಹಿಂದೆ ಕಟ್ಟುವಂಥದ್ದು ನಿಂತಾಗ ಇದೆಯೆಂದೇ ಗೊತ್ತಾಗುತ್ತಿರಲಿಲ್ಲ. ಇವರಿಗೆ ಅದೇ ಇಷ್ಟವಾಯಿತು. ನನಗೂ ಖುಷಿ, ನಾನು ಪಟ್ಟಿ ಇಟ್ಟದ್ದೂ ಅಲ್ಲಿಗೇ ತಾನೆ.

"ಕೂತ್ಕೊ ಮಾರಾಯ," ಎಂದು ಗೆಳೆಯರು ಸ್ಟೂಲು ಎಳೆದರು. "ನಿಂತು ನೋಡಿದ್ರೆ ಎಲ್ಲಾ ಸರಿಯೇ ಇರ್ತದೆ. ಜೀಪಲ್ಲಿ ಏನು ನಿಂತ್ಕೊಂಡು ಹೋಗ್ತೀಯಾ?"

ಇವರು ಕೂತರು. ಮುಖ ಕಿವುಚಿದರು.

"ಹಾಗಾದ್ರೆ ಬಲ ಸೊಂಟದ್ದು ಕೊಡ್ಲಾ ಸರ್?" ಎಂದರು ಅಂಗಡಿಯವರು.

"ಬೇಡ, ಆ ಕಡೆ ಇವನಿಗೆ ನೋವು," ಎಂದರು ಗೆಳೆಯರು. "ಎಡಕ್ಕೆ, ಸ್ವಲ್ಪ ಮುಂದೆ ಬರೋದು ಕೊಡಿ. ರಿವಾಲ್ವರಿನ ಹಿಡಿ ಬಲಗೈ ಕಡೆಗೆ ತಿರುಗಿರ್ಬೇಕು."

ಅದೇ ಸರಿಯಾಯಿತು. ಟ್ರಿಗರ್ ಪೂರ್ತಿ ಮುಚ್ಚುವ ದಪ್ಪ ಚರ್ಮ, ಮೇಲೊಂದು ಗುಂಡಿಯ ಪಟ್ಟಿ. ಕೂತರೂ ಬಗ್ಗಿದರೂ ಚುಚ್ಚಲಿಲ್ಲ. ನನಗೆ ಮಾತ್ರ ಆ ಸೊಂಟನೋವು ಗೊತ್ತೇ ಇರಲಿಲ್ಲ.

ಮನೆಗೆ ಬಂದ ಮೇಲೆ ಕೇಳಿದೆ. "ನೋವಿದ್ರೆ ನಂಗೆ ಹೇಳಕ್ಕಾಗ್ತಿರ್ಲಿಲ್ವಾ?"

"ನಿಂಗೆ ಹೇಳಿದ್ರೆ ಎಣ್ಣೆ, ಶಾಖ, ಆಸ್ಪತ್ರೆ ಅಂತ ಶುರು ಮಾಡ್ತಿದ್ದೆ. ಅವನಿಗಾದ್ರೆ ಹೇಳಿದ್ರೆ ಮುಗೀತು."

ಆ ವರ್ಷ ಆಯುಧಪೂಜೆಗೆ ಜೀಪು, ಕತ್ತಿ, ಮೋಟರುಗಳ ಜೊತೆ ರಿವಾಲ್ವರನ್ನೂ ಇಟ್ಟೆವು. "ಚರ್ಮಕ್ಕೆ ಹಚ್ಬೇಡ ಮಾರಾಯ್ತಿ, ಹೋಗಲ್ಲ" ಎಂದು ಇವರು ಹೇಳುತ್ತಿದ್ದಂತೆಯೇ ನಾನು ಪೌಚಿನ ಮೇಲೆ ಕುಂಕುಮವನ್ನು ಒತ್ತಿ ಇಟ್ಟೆ. ಹೋಗಲಿಲ್ಲ. "ಏನತ್ತಿಗೆ, ಸೀಲು ಒತ್ತಿದ್ರಾ?" ಎಂದು ಗೆಳೆಯರು ನಕ್ಕರು. ಹೌದು, ಒತ್ತಿದ್ದೆ.

ಎಲೆಕ್ಷನ್ ಬಂದಾಗ ಲೈಸೆನ್ಸಿನವರೆಲ್ಲ ಆಯುಧವನ್ನು ಸ್ಟೇಷನ್ನಿಗೆ ಒಪ್ಪಿಸಬೇಕು. ಆಗಲೂ ಇವರು ಖಾಲಿ ಪೌಚನ್ನು ಕಟ್ಟಿಕೊಂಡೇ ತಿರುಗುತ್ತಿದ್ದರು, ಇಲ್ಲದಿದ್ದರೆ ಸೊಂಟ ಹಗುರವಾಗುತ್ತದಂತೆ. ನಾನು ಅದರಲ್ಲಿ ಎಲೆಅಡಿಕೆ ತುಂಬಿ ಕಳಿಸುತ್ತಿದ್ದೆ. ಆ ದಿನಗಳಲ್ಲಿ ಪೌಚು ನನ್ನದು ಅನಿಸುತ್ತಿತ್ತು.

ಹೋದ ವರ್ಷ ಇವರು ಕಣದಲ್ಲಿ ಕಾಫಿ ಹರವಿಸುತ್ತಿದ್ದವರು ಎದೆ ಹಿಡಿದುಕೊಂಡು ಕೂತರು. ನಾನು ಓಡಿ ಬರುವಷ್ಟರಲ್ಲಿ ತಲೆ ಗೆಳೆಯರ ತೊಡೆಯ ಮೇಲಿತ್ತು. ಕೊನೆಯ ಗುಟುಕು ನೀರನ್ನೂ ಅವರೇ ಕುಡಿಸಿದ್ದರು. ಎಲ್ಲರೂ ಅವರನ್ನು ಹೊಗಳಿದರು. ನನಗೆ ಇಂದಿಗೂ ಹೊಗಳಲು ಆಗಿಲ್ಲ.

ಆ ಗೆಳೆಯರೇ ಈಗ ಪೌಚು ಕೇಳುತ್ತಿದ್ದರು. "ಅವನದ್ದು ಅಂತ ಒಂದು ನನ್ನ ಹತ್ರ ಇರ್ಲಿ ಅಂತ ಅತ್ತಿಗೆ."

ಇಲ್ಲ ಎನ್ನಲು ಬಾಯಿ ಬರಲಿಲ್ಲ. ತಂದುಕೊಟ್ಟು, "ಕಟ್ಟಿ ನೋಡಿ" ಎಂದೆ. ಕಟ್ಟಿಕೊಂಡರು. "ಕೂತು ನೋಡಿ" ಎಂದೆ. ಜಗಲಿಯ ಕುರ್ಚಿಯಲ್ಲಿ ಕೂತವರು ಒಮ್ಮೆ ಸರಿದರು, ಮತ್ತೆ ಸರಿದರು. ಚರ್ಮ ನನ್ನ ಗಂಡನ ಹೊಟ್ಟೆಯ ತಿರುವಿಗೆ ಬಗ್ಗಿಹೋಗಿತ್ತು.

"ಚುಚ್ತದಾ?"

"ಸ್ವಲ್ಪ. ಪಕ್ಕೆಲುಬಿಗೆ."

"ಅವರಿಗೆ ಚುಚ್ತಿರ್ಲಿಲ್ಲ."

ಅಷ್ಟು ಸಂತೋಷ ನನಗೆ ಆ ವರ್ಷವಿಡೀ ಆಗಿರಲಿಲ್ಲ. ಅವರು ಪೌಚು ಬಿಚ್ಚಿ, ಕುಂಕುಮದ ಕಲೆಯನ್ನು ಹೆಬ್ಬೆರಳಿನಿಂದ ಸವರಿದರು. "ನಿಮ್ಮಲ್ಲೇ ಇರ್ಲಿ ಅತ್ತಿಗೆ" ಎಂದು ಕುರ್ಚಿಯ ಮೇಲಿಟ್ಟು, ಕಾಫಿ ಅರ್ಧಕ್ಕೇ ಬಿಟ್ಟು ಹೋದರು.

ಮರುದಿನ ಸೀರೆಯ ಮೇಲೆ ಇವರ ಹಳೆಯ ಅಂಗಿ ತೊಟ್ಟು, ಒಳಗೆ ಬೆಲ್ಟು ಬಿಗಿದು, ಪೌಚಿನಲ್ಲಿ ಎಲೆಅಡಿಕೆ ಇಟ್ಟುಕೊಂಡು ತೋಟಕ್ಕೆ ಹೋದೆ. ನಡೆಯುವಾಗ ಏನೂ ಅನಿಸಲಿಲ್ಲ. ಕಣದ ಕಟ್ಟೆಯ ಮೇಲೆ ಕೂತೆ. ಪಕ್ಕೆಲುಬಿಗೆ ಚುಚ್ಚಿತು. ಮುಂದಕ್ಕೆ ಸರಿಸಿದೆ, ಹಿಂದಕ್ಕೆ ಸರಿಸಿದೆ, ಬೆಲ್ಟು ಸಡಿಲಿಸಿದೆ. ಚುಚ್ಚುತ್ತಲೇ ಇತ್ತು.

ಬೇಲಿಯಾಚೆ ಗೆಳೆಯರು ಆಳುಗಳ ಜೊತೆ ನಿಂತಿದ್ದರು. ಕರೆದು ಕೇಳಿದ್ದರೆ, ನನಗೆ ಎಲ್ಲಿ ಕಟ್ಟಿದರೆ ಸರಿಯಾಗುತ್ತದೆಂದು ನೋಡಿದ ಕೂಡಲೇ ಹೇಳುತ್ತಿದ್ದರು.

ನಾನು ಕರೆಯಲಿಲ್ಲ.