ಹೊಳೆಗೆ ಬಿಟ್ಟ ಹೆಸರು

ತೌಡಪ್ಪನಿಗೆ ಆ ಹೆಸರು ಬಂದದ್ದು ಸಾವಿನ ಕಣ್ಣಿಗೆ ಮಣ್ಣೆರಚುವುದಕ್ಕೆ. ಅವನಿಗಿಂತ ಮೊದಲು ಹುಟ್ಟಿದ ಗಂಡುಮಕ್ಕಳು ಒಬ್ಬರೂ ತೊಟ್ಟಿಲು ದಾಟಿರಲಿಲ್ಲ. ಇವನು ಹುಟ್ಟಿದ ಕೂಡಲೇ ಬೆಳಗಾವಿ ಹತ್ತಿರದ ಸಾಂಬ್ರಾ ಹಳ್ಳಿಯ ಆ ಮನೆಯಲ್ಲಿ ತಾಯಿ ಕೂಸನ್ನು ಮೊರದಲ್ಲಿ ಮಲಗಿಸಿ ಸೂಲಗಿತ್ತಿ ಸಾತವ್ವನ ಕೈಗೆ ಕೊಟ್ಟು, “ಇದು ನಿಂದು, ತಗೊಂಡು ಹೋಗು” ಎಂದಳು. ಸಾತವ್ವ ಅಂಗಳ ದಾಟಿ ಬೀದಿಗೆ ಹೋದಳು. ಸ್ವಲ್ಪ ಹೊತ್ತಿಗೆ ತಿರುಗಿ ಬಂದು ಬಾಗಿಲಲ್ಲಿ ನಿಂತು, “ಕೂಸು ಮಾರಾಕ ತಂದೀನಿ, ಕೊಳ್ಳತೀರೇನವಾ?” ಎಂದು ಕೂಗಿದಳು. ತಾಯಿ ಒಂದು ಮೊರ ತೌಡು ಕೊಟ್ಟು ತನ್ನ ಕೂಸನ್ನು ತಾನೇ ಕೊಂಡಳು. ಎಮ್ಮೆಗೆ ಹಾಕುವ ತೌಡಿನ ಬೆಲೆಯ ಕೂಸನ್ನು ಸಾವು ಯಾಕೆ ಬಯಸೀತು ಎಂಬುದು ಹೆಂಗಸರ ಲೆಕ್ಕಾಚಾರ. ಕೂಸು ಬದುಕಿತು. ಹೆಸರು ತೌಡಪ್ಪ ಎಂದೇ ಆಯಿತು.

ಸಾಂಬ್ರಾದಲ್ಲಿ ಆ ಹೆಸರಿಗೆ ಯಾರೂ ನಕ್ಕವರಿಲ್ಲ. ಬೆಳಗಾವಿಯ ಶಾಲೆಗೆ ಸೇರಿದ ಮೇಲೆ ನಗು ಶುರುವಾಯಿತು. ಮರಾಠಿಯಲ್ಲಿ ತೌಡಿಗೆ ಕೊಂಡಾ ಅನ್ನುತ್ತಾರೆ. ಜೊತೆಯ ಹುಡುಗರು ಅವನನ್ನು “ಕೊಂಡೋಬಾ” ಎಂದು ಕರೆದರು, ಅವನು ಬಂದಾಗ ಎಮ್ಮೆಯಂತೆ ಕೂಗಿದರು. ಯಾರಾದರೂ ಹೆಸರು ಕೇಳಿದರೆ ಅವನ ದನಿ ತಾನಾಗಿಯೇ ತಗ್ಗುತ್ತಿತ್ತು.

ಆ ಹೆಸರು ಒಂದೇ ಒಂದು ಸಲ ಅವನ ಕೈಹಿಡಿಯಿತು. ಸಾವಿರದ ಒಂಬೈನೂರ ಇಪ್ಪತ್ತರ ಸುಮಾರಿಗೆ ಖಾನಾಪುರದಲ್ಲಿ ಪ್ಲೇಗು ಬಿದ್ದು, ಜನ ಮನೆಗಳಿಗೆ ಬೀಗ ಹಾಕಿ ಮಲಪ್ರಭೆಯ ಆಚೆ ದಂಡೆಯಲ್ಲಿ ಗುಡಿಸಲು ಹಾಕಿಕೊಂಡಿದ್ದರು. ಚುಚ್ಚುಮದ್ದು ಹಾಕಲು ಹೋದ ತಂಡದಲ್ಲಿ ತೌಡಪ್ಪನೂ ಕೈಯಾಳಾಗಿ ಇದ್ದ. ಆಗಿನ್ನೂ ಮೀಸೆ ಮೂಡುತ್ತಿದ್ದ ವಯಸ್ಸು, ಕಡ್ಡಿಯಂಥ ಮೈ. ಕುಂಬಾರ ಓಣಿಯವರು ಸೂಜಿ ಕಂಡರೆ ಹಿಂದೆ ಸರಿಯುತ್ತಿದ್ದರು. ಸೂಜಿ ಚುಚ್ಚಿಸಿಕೊಂಡವರೇ ಮೊದಲು ಸಾಯುತ್ತಾರೆಂಬ ಗುಲ್ಲು ಎಲ್ಲ ಕಡೆ ಹಬ್ಬಿತ್ತು. ಓಣಿಗೆ ಹಿರಿಯಳಾದ ಅಕ್ಕವ್ವ ಗುಡಿಸಲ ಬಾಗಿಲಿಗೆ ಅಡ್ಡ ನಿಂತು, “ಸಾಯೂದಿದ್ರ ಬರೇ ಮೈಲೆ ಸಾಯತೇವಿ, ತೂತು ಮಾಡಿಸ್ಕೊಂಡು ಯಾಕ ಸಾಯೂಣು?” ಎಂದಳು.

ತೌಡಪ್ಪ ತೋಳೇರಿಸಿ ಎಲ್ಲರೆದುರು ತಾನೇ ಮೊದಲು ಚುಚ್ಚಿಸಿಕೊಂಡ. “ನನ್ನ ಹೆಸರ ತೌಡಪ್ಪ ಐತಿ, ಆಯಿ. ತೌಡು ಕೊಟ್ಟು ತಂದ ಮಗ ನಾ. ಸಾವಿಗೆ ನನ್ನ ರುಚಿ ಹತ್ತೂದಿಲ್ಲ. ನನ್ನ ಹಿಂದ ನಿಂತವರಿಗೂ ಹತ್ತೂದಿಲ್ಲ” ಎಂದ.

ಯಾಕೆ ಹಾಗೆಂದನೋ ಅವನಿಗೇ ತಿಳಿಯದು. ಅಕ್ಕವ್ವ ಅವನ ಮುಖವನ್ನೇ ನೋಡಿ, ಮೆಲ್ಲಗೆ ತನ್ನ ತೋಳು ಮುಂದೆ ಚಾಚಿದಳು. ಅವಳ ಹಿಂದೆ ಓಣಿಯೇ ಸಾಲುಗಟ್ಟಿತು. ತಂಡ ಅಲ್ಲಿದ್ದಷ್ಟು ದಿನವೂ ಅವನ ಊಟ ಅಕ್ಕವ್ವನ ಗುಡಿಸಲಲ್ಲೇ. ಆ ಓಣಿಯಲ್ಲಿ ಸತ್ತವರು ಬಹಳ ಕಡಿಮೆ.

ಮರುವರ್ಷದಿಂದ ಅಲ್ಲಿ ಹುಟ್ಟಿದ ಗಂಡುಕೂಸುಗಳಿಗೆಲ್ಲ ತೌಡಪ್ಪ ಎಂದು ಹೆಸರಿಡತೊಡಗಿದರು. ಎಲ್ಲೂ ಕೇಳಿರದ ಹೆಸರು ಆ ಒಂದು ಓಣಿಯಲ್ಲಿ ಮನೆಮನೆಗೂ ಬಂತು. ದೊಡ್ಡ ತೌಡ್ಯಾ, ಸಣ್ಣ ತೌಡ್ಯಾ, ಮೂಲಿಮನಿ ತೌಡ್ಯಾ ಎಂದು ಬೇರೆ ಬೇರೆ ಮಾಡಿ ಕೂಗಬೇಕಾಯಿತು. ಈ ಸುದ್ದಿ ತೌಡಪ್ಪನಿಗೂ ಮುಟ್ಟಿತ್ತು. ಕೇಳಿ ಹಿಗ್ಗಿದ್ದ, ಆದರೆ ಬೆಳಗಾವಿಯಲ್ಲಿ ಯಾರ ಮುಂದೆಯೂ ಹೇಳಿರಲಿಲ್ಲ.

ಮುಂದೆ ಅವನು ಬೆಳಗಾವಿಯ ಟಿಳಕವಾಡಿಯಲ್ಲಿ ಧರಣೇಂದ್ರ ಡಾಕ್ಟರ ದವಾಖಾನೆಗೆ ಕಂಪೌಂಡರ್ ಆದ. ಧಾನ್ಯದ ವ್ಯಾಪಾರಿ ಬಂಡೆಪ್ಪ ತನ್ನ ಮಗಳು ಚಂದ್ರವ್ವನನ್ನು ಕೊಡಲು ಮುಂದೆ ಬಂದ. ಅವನದು ಒಂದೇ ತಕರಾರು. “ಹುಡುಗ ಚಲೋ, ಮನಿತನ ಚಲೋ. ಆದ್ರ ಪ್ಯಾಟಿಯೊಳಗ ನಮ್ಮ ಅಳಿಯನ ಹೆಸರ ತೌಡು ಅಂತ ಹೆಂಗ ಹೇಳಲಿ?” ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆದ ವರ್ಷ ಅದು. ಮದುವೆಯ ಹಂದರದಲ್ಲಿ ತೌಡಪ್ಪ ಗುರುಪುತ್ರಪ್ಪನಾದ. ಬೇಡವೆನ್ನಲಿಲ್ಲ. ಹೇಳಬೇಕೆಂದರೆ, ಹಗುರಾದ.

ಮೂರ್ನಾಲ್ಕು ವರ್ಷ ಕಳೆಯಿತು. ಮೈ ತುಂಬಿತು, ಮೀಸೆ ದಪ್ಪವಾಯಿತು, ಕನ್ನಡಕ ಬಂತು. ಒಂದು ಮಧ್ಯಾಹ್ನ ಡಾಕ್ಟರು ಹಳ್ಳಿಯ ರೋಗಿಯನ್ನು ನೋಡಲು ಹೋಗಿದ್ದರು. ದವಾಖಾನೆಯ ಬೆಂಚಿನ ಮೇಲೆ ಮಾವ ಬಂಡೆಪ್ಪ ತನ್ನ ಗೆಳೆಯ ಬಾಪುಸಾಹೇಬರ ಜೊತೆ ಮಾತಾಡುತ್ತ ಕುಳಿತಿದ್ದ. ಆಗ ಒಬ್ಬ ಹೆಂಗಸು ಕಂಬಳಿಯಲ್ಲಿ ಸುತ್ತಿದ ಕೂಸನ್ನು ಎದೆಗವಚಿಕೊಂಡು ಬಂದಳು. ಕೂಸು ಗಡಗಡ ನಡುಗುತ್ತಿತ್ತು.

“ನಾ ಖಾನಾಪುರದ ಬಾಳವ್ವ ರೀ, ಕುಂಬಾರ ಓಣ್ಯಾಗಿನ ಅಕ್ಕವ್ವನ ಸೊಸಿ. ಇಲ್ಲಿ ತೌಡಪ್ಪನವರು ಅಂತ ಇದ್ದಾರಂತಲ್ರಿ? ಅತ್ತಿ ಕಳಿಸ್ಯಾಳ. ಕೂಸಿಗೆ ಚಳಿಜ್ವರ ಬಿಡವಲ್ದು. ಇವಂದೂ ಅದಽ ಹೆಸರ್ರಿ. ಅವರು ಒಮ್ಮೆ ಕೈ ಮುಟ್ಟಿದ್ರ ಸಾಕು ಅಂದ್ಲು ಅತ್ತಿ.”

ಬಾಪುಸಾಹೇಬರು ಹೊಟ್ಟೆ ಹಿಡಿದುಕೊಂಡು ನಕ್ಕರು. “ಮಗನಿಗೆ ತೌಡು ಅಂತ ಹೆಸರೇನವಾ? ಹುಷಾರ, ಎಮ್ಮಿ ಗಿಮ್ಮಿ ತಿಂದೀತು!”

ಬಂಡೆಪ್ಪ ನೆಲ ನೋಡಿದ. ಗುರುಪುತ್ರಪ್ಪನೂ ನಕ್ಕ. ಬಾಪುಸಾಹೇಬರ ನಗುವಿಗೆ ತನ್ನ ನಗು ಕೂಡಿಸಿದ. ಆಮೇಲೆ ಶೀಶೆಗಳ ಕಡೆ ಮುಖ ತಿರುಗಿಸಿ, “ಆ ಹೆಸರಿನವರು ಇಲ್ಲಿ ಯಾರೂ ಇಲ್ಲ” ಎಂದ.

“ಮೊದಲ ಇದ್ದರಂತಲ್ರಿ ಯಪ್ಪಾ?”

“ಇದ್ದಿರಬೇಕು. ಈಗ ಇಲ್ಲ.”

ಬಾಳವ್ವನ ಮುಖ ಬಿಳಿಚಿಕೊಂಡಿತು. “ಇಲ್ಲೇನ್ರಿ? ಅಯ್ಯ ಶಿವನಽ” ಎಂದವಳೇ ಕೂಸನ್ನು ಇನ್ನೂ ಬಿಗಿಯಾಗಿ ಅವಚಿಕೊಂಡು ಹೊರಟುಬಿಟ್ಟಳು. ಡಾಕ್ಟರು ಬರುವವರೆಗೆ ಕೂತಿರು ಎನ್ನಬಹುದಾಗಿತ್ತು. ಜ್ವರಕ್ಕೆ ಕ್ವಿನೈನು ಅವನ ಕೈಗೆ ಸಿಗುವಂತೆ ಎದುರಿಗೇ ಇತ್ತು. ಅವನು ಬಾಪುಸಾಹೇಬರು ಏಳಲೆಂದು ಕಾದ. ಅವರು ಎದ್ದು ಹೋದ ಮೇಲೆ ಕ್ವಿನೈನು ಹಿಡಿದು ಸ್ಟೇಷನ್ನಿಗೆ ಓಡಿದ. ಗಾಡಿ ಹೋಗಿಬಿಟ್ಟಿತ್ತು.

ಆ ಸಂಜೆ ಊಟ ಸೇರಲಿಲ್ಲ. ಸುಳ್ಳು ಹೇಳಿದ್ದಕ್ಕಿಂತ ನಕ್ಕಿದ್ದು ಅವನನ್ನು ತಿನ್ನುತ್ತಿತ್ತು. ಚಂದ್ರವ್ವ ಕೇಳಿದ್ದಕ್ಕೆ ತಲೆಶೂಲಿ ಎಂದ.

ಮರುದಿನ ಬೆಳಗಿನ ಗಾಡಿಗೆ ಖಾನಾಪುರಕ್ಕೆ ಹೋದ. ಕುಂಬಾರ ಓಣಿಯಲ್ಲಿ ಗಡಿಗೆ ಮಾಡುವ ತಿಗರಿಗಳು ತಿರುಗದೆ ನಿಂತಿದ್ದವು, ಒಂದು ಮನೆಯಲ್ಲೂ ಮಣ್ಣು ತುಳಿಯುತ್ತಿರಲಿಲ್ಲ. ಅಕ್ಕವ್ವ ಕಟ್ಟೆಯ ಮೇಲೆ ಕೂದಲು ಬಿಟ್ಟುಕೊಂಡು ಕುಳಿತಿದ್ದಳು. ಅವಳಿಗೆ ಮೊದಲು ಅವನ ಗುರುತು ಸಿಗಲಿಲ್ಲ. “ಆಯಿ” ಎಂದ. ಆ ದನಿ ಕೇಳಿ ಅವಳು ಎದ್ದು ನಿಂತಳು.

“ತೌಡಪ್ಪಾ! ನೀ ಜೀವಂತ ಅದೀಯೇನೋ? ಸತ್ತೀ ಅಂತ ನಿನ್ನೆ ನಿನ್ನ ಹೆಸರಲೆ ನೀರು ಹಾಕ್ಕೊಂಡೀನಲ್ಲೋ ಮಗನಽ!”

ಅವಳು ಅವನ ಕೆನ್ನೆ ಸವರಿ ನಟಿಕೆ ತೆಗೆದಳು. ಓಣಿಯವರು ಒಬ್ಬೊಬ್ಬರೇ ಬಂದು ಸೇರಿದರು. ಕೂಸನ್ನು ಎತ್ತಿಕೊಂಡು ಬಾಳವ್ವ ಬಾಗಿಲಿಗೆ ಬಂದು ಅವನನ್ನು ದಿಟ್ಟಿಸಿ ನೋಡಿದಳು.

“ಅತ್ತಿ, ಇವರಽ. ಇವರಽ ನನಗ ಇಲ್ಲ ಅಂದವರು.”

ಬೇರೆಯವರ ಮೇಲೆ ಹಾಕಿ ತಪ್ಪಿಸಿಕೊಳ್ಳುವ ಒಂದೆರಡು ಮಾತು ಅವನ ಬಾಯಿತನಕ ಬಂದವು. ಅಕ್ಕವ್ವನ ಕೈ ಇನ್ನೂ ಅವನ ಕೆನ್ನೆಯ ಮೇಲಿತ್ತು. ಅವನಿಂದಾಗಲಿಲ್ಲ.

“ಹೌದಾಯಿ, ನಾನಽ ಅಂದೆ. ಅಲ್ಲಿ ನನ್ನ ಹೆಸರ ಬ್ಯಾರೆ ಐತಿ. ಮಾವ ಕುಂತಿದ್ದ, ದೊಡ್ಡ ಮಂದಿ ಕುಂತಿದ್ರು. ನಾಚಿಕಿ ಬಂತು.”

ಅಕ್ಕವ್ವ ಕೈ ತೆಗೆದಳು. “ನಾಚಿಕಿ ಬಂತಾ?” ಎಂದಳು, ಸಿಟ್ಟಿಲ್ಲದೆ, ಅರ್ಥವಾಗದವಳಂತೆ. “ನಾವು ಆ ಹೆಸರ ಹೇಳಿ ಹೇಳಿ ಮೆರದಿದ್ವಿ.”

ಅವಳು ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಅವಳು ಸೊಸೆಗೆ ಹಾಲು ಕಾಸಲು ಹೇಳಿದಳು.

ಅವನು ಕೂಸಿಗೆ ಕ್ವಿನೈನು ಕೊಟ್ಟ. ಜ್ವರ ಇಳಿಯುವವರೆಗೂ ಆ ಮನೆಯಲ್ಲೇ ಉಳಿದ, ಡಾಕ್ಟರಿಗೆ ಆಳಿನ ಕೈಲಿ ಹೇಳಿ ಕಳಿಸಿದ. ತಾನು ಬರುವ ಹಿಂದಿನ ದಿನ ನಡೆದದ್ದು ಅವನಿಗೆ ಸ್ವಲ್ಪ ಸ್ವಲ್ಪವಾಗಿ ತಿಳಿಯಿತು. ಬಾಳವ್ವ ಅಳುತ್ತ ಬಂದು ಸುದ್ದಿ ಹೇಳಿದ ಮೇಲೆ ತಾಯಂದಿರೆಲ್ಲ ಹೆದರಿದ್ದರಂತೆ. ಸಾವಿಗೆ ಬೇಡವಾದ ಹೆಸರೆಂದು ಇಟ್ಟದ್ದು. ಆ ಹೆಸರಿನವನನ್ನೇ, ಅದೂ ಹರೆಯದಲ್ಲೇ, ಸಾವು ಒಯ್ದಿದ್ದರೆ ಆ ಹೆಸರು ಮಕ್ಕಳ ಮೇಲೆ ಹೇಗೆ ಇರಬೇಕು? ಹೊತ್ತು ಮುಳುಗುವ ಮೊದಲೇ ಎಲ್ಲ ಹುಡುಗರನ್ನೂ ಮಲಪ್ರಭೆಗೆ ಕರೆದೊಯ್ದು ಮೀಯಿಸಿ, ಒಂದೊಂದು ಹಿಡಿ ತೌಡು ನೀರಿಗೆ ಬಿಡಿಸಿ, ಹೊಸ ಹೆಸರು ಇಟ್ಟುಬಿಟ್ಟಿದ್ದರು. ಬಾಳವ್ವನ ಕೂಸು ಈಗ ಕಲ್ಲಯ್ಯ.

ಕೂಸು ನಗುವಂತಾದ ದಿನ ಅವನು ಧೈರ್ಯ ಮಾಡಿ ಬಾಳವ್ವನನ್ನು ಕೇಳಿದ. “ನಾ ಸತ್ತಿಲ್ಲಲ್ಲವಾ. ಹೆಸರು ತಿರುಗಿ ಇಡಬಹುದಲ್ಲಾ?”

ಬಾಳವ್ವ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡಳು. “ಕೂಸ ಉಳಿಸೀರಿ, ನಿಮ್ಮ ಉಪಕಾರ ಮರಿಯೂದಿಲ್ರಿ. ಆದ್ರ ಹೊಳಿಗೆ ಬಿಟ್ಟದ್ದು ಹೊಳೀದು. ಮತ್ತ, ನಿಮಗಽ ಬ್ಯಾಡಾದ ಹೆಸರ ನನ್ನ ಮಗನಿಗ್ಯಾಕ್ರಿ?”

ಅವನು ಬೆಳಗಾವಿಗೆ ಮರಳಿ ಹೆಂಡತಿಗೆ ಎಲ್ಲವನ್ನೂ ಹೇಳಿದ. ಡಾಕ್ಟರಿಗೂ ಹೇಳಿದ, ಇನ್ನು ಮೇಲೆ ತನ್ನನ್ನು ತೌಡಪ್ಪನೆಂದೇ ಕರೆಯಿರಿ ಎಂದ. ಧರಣೇಂದ್ರ ಡಾಕ್ಟರು “ಆಗ್ಲಿ” ಎಂದರು, ಮರುಗಳಿಗೆಯೇ “ಗುರುಪುತ್ರಪ್ಪಾ, ಆ ಶೀಶೆ ಕೊಡು” ಎಂದರು. ಊರಿಗೆ ಹೊಸ ಹೆಸರು ರೂಢಿಯಾಗಿಹೋಗಿತ್ತು. ಅವನೂ ಎರಡನೆಯ ಸಲ ಹೇಳಲಿಲ್ಲ.

ಮುಂದಿನ ವರ್ಷ ಅವನಿಗೆ ಗಂಡುಮಗ ಹುಟ್ಟಿದ. ಚಂದ್ರವ್ವ ತಾನಾಗಿಯೇ, “ಆ ಹೆಸರ ನಮ್ಮ ಕೂಸಿಗೆ ಇಡೂಣೇನ್ರಿ? ಅಪ್ಪಗ ನಾ ಹೇಳತೀನಿ” ಎಂದಳು. ಅವನು ಹೂಂ ಅಂದ, ಖುಷಿಪಟ್ಟ. ತೊಟ್ಟಿಲ ದಿನ ಮನೆ ತುಂಬ ಟಿಳಕವಾಡಿಯ ಮಂದಿ. ಬಾಪುಸಾಹೇಬರು ಮುಂದಿನ ಸಾಲಿನಲ್ಲೇ ಕುಳಿತಿದ್ದರು. ಅವನ ಅಕ್ಕ ಕೂಸಿನ ಕಿವಿಗೆ ಬಾಗಿ, “ಏನಂತ ಕರೀಲೋ?” ಎಂದು ಅವನತ್ತ ನೋಡಿದಳು.

“ಸಿದರಾಯ” ಎಂದ.

ಚಂದ್ರವ್ವ ಗಂಡನನ್ನು ಒಮ್ಮೆ ನೋಡಿ ತೊಟ್ಟಿಲ ಹಗ್ಗ ಹಿಡಿದಳು. ಅವನ ಎದೆಯಿಂದ ಭಾರವೊಂದು ಇಳಿದಂತಾಗಿತ್ತು. ಹಾಗೆ ಹಗುರಾದದ್ದಕ್ಕೆ, ಅಷ್ಟು ಜನರ ನಡುವೆ, ತನ್ನ ಮುಖ ಯಾರೂ ನೋಡದಿರಲಿ ಅನ್ನಿಸಿತು ಅವನಿಗೆ.

ಸಕ್ಕರೆ ಒಯ್ದು ಅಕ್ಕವ್ವನಿಗೆ ಕೊಟ್ಟು ಬಂದ. ಅವಳೊಬ್ಬಳೇ ಈಗಲೂ ಅವನನ್ನು ಹಳೆಯ ಹೆಸರಿನಿಂದ ಕರೆಯುತ್ತಿದ್ದಳು.

“ಏನ ಹೆಸರಿಟ್ಟಿ ತೌಡಪ್ಪಾ?”

ಅವನು ಹೇಳಿದ.

“ಚಲೋ ಹೆಸರ” ಎಂದು ಅಕ್ಕವ್ವ ಸಕ್ಕರೆ ಬಾಯಿಗೆ ಹಾಕಿಕೊಂಡಳು. ಬಿಸಿಲಿಗಿಟ್ಟ ಹಸಿ ಗಡಿಗೆಗಳನ್ನು ಮಗ್ಗಲು ತಿರುಗಿಸಲು ಎದ್ದಳು. ಅವನೂ ಎದ್ದು, ಕೋಟು ತೆಗೆದಿಟ್ಟು, ಅವಳ ಜೊತೆ ಗಡಿಗೆ ತಿರುಗಿಸತೊಡಗಿದ.