ಸತ್ಕಾರದ ಶಾಲು, ನಾಯಿಯ ಹಿಂಗಾಲು

ನಾನು ನಿವೃತ್ತ ಗಣಿತದ ಮಾಸ್ತರ. ‘ಇಂದಿನ ಕೆಲಸ ನಾಳೆಗೆ ಬೇಡ’ ಎಂದು ಶಾಲೆಯ ಬೋರ್ಡಿನ ಮೇಲೆ ವರ್ಷಗಟ್ಟಲೆ ಬರೆದವನು. ಓದಿದ ಮಕ್ಕಳಲ್ಲಿ ಯಾರು ಕಲಿತರೋ ಗೊತ್ತಿಲ್ಲ. ಬರೆದವನಂತೂ ಕಲಿಯಲಿಲ್ಲ.

ಚಿಕ್ಕೋಡಿಯಿಂದ ಅಂಕಲಿಗೆ ಹೋಗುವ ದಾರಿಯಲ್ಲಿ, ಕಬ್ಬಿನ ಹೊಲದ ಬದಿಗೆ ಒಂದು ತಗಡಿನ ಶೆಡ್ಡಿದೆ. ನಿವೃತ್ತ ನರ್ಸ್ ಒಬ್ಬರು ಅಲ್ಲಿ ದಿಕ್ಕಿಲ್ಲದ ನಾಯಿಗಳನ್ನು ಸಾಕುತ್ತಾರೆ. ಎಲ್ಲರೂ ಅವರನ್ನು ಅಕ್ಕಾರು ಎನ್ನುತ್ತಾರೆ. ಪೆನ್ಶನ್ ಶುರುವಾದ ಮೇಲೆ ಮನೆಯಲ್ಲಿ ನನ್ನ ಮಾತು ಕೇಳುವವರು ಕಡಿಮೆಯಾದ್ದರಿಂದ ನಾನೂ ಅಲ್ಲಿ ಹೋಗಿ ಕೂಡುತ್ತಿದ್ದೆ. ನಾಯಿಗಳು ಕೇಳುತ್ತಿದ್ದವು.

ಹೋದ ವರ್ಷ ಕಬ್ಬಿನ ಹಂಗಾಮಿನಲ್ಲಿ, ಒಂದು ಸೋಮವಾರ, ಶಿರಗುಪ್ಪಿ ಹತ್ತಿರ ಕಂದು ಬಣ್ಣದ ಗಂಡುನಾಯಿಯೊಂದರ ಹಿಂಗಾಲಿನ ಮೇಲೆ ಕಬ್ಬಿನ ಟ್ರಾಲಿ ಹಾಯ್ದಿತು. ಯಾರೋ ಪುಣ್ಯಾತ್ಮರು ಅದನ್ನು ಚೀಲದಲ್ಲಿ ಮಲಗಿಸಿಕೊಂಡು ಶೆಡ್ಡಿಗೆ ತಂದರು. ನಮ್ಮ ದನದ ಡಾಕ್ಟರು ಕಾಲು ಮುಟ್ಟಿ ನೋಡಿ ಪಟ್ಟಿ ಕಟ್ಟಿದರು.

"ಎಲುಬ ಮುರದೈತ್ರಿ. ಒಳಗ ಪ್ಲೇಟ್ ಕೂಡಸಬೇಕು. ಅದು ಇಲ್ಲಿ ಆಗಂಗಿಲ್ಲ, ಕೊಲ್ಲಾಪುರಕ್ಕ ಒಯ್ಯಬೇಕು. ಎಂಟ ದಿನದಾಗ ಒಯ್ರಿ. ತಡಾ ಮಾಡಿದ್ರ ಕಾಲ ಉಳಿಯಂಗಿಲ್ಲ."

ಖರ್ಚು ಎಷ್ಟೆಂದು ಕೇಳಿ ಅಕ್ಕಾರು ನೆಲ ನೋಡಿದರು. ನಾನು ಎದೆಯುಬ್ಬಿಸಿ, "ರೊಕ್ಕದ ಕಾಳಜಿ ನನಗ ಬಿಡ್ರಿ" ಎಂದೆ.

ಈ ಒಂದು ಕೆಲಸ ಮಾತ್ರ ಚೆನ್ನಾಗಿ ಮಾಡಿದೆ. ಅಥಣಿಯ ದ್ರಾಕ್ಷಿ ತೋಟದವರು, ನಿಪ್ಪಾಣಿಯ ಕಿರಾಣಿ ಅಂಗಡಿಯವರು, ನನ್ನಿಂದ ಪೆಟ್ಟು ತಿಂದ ಹಳೆಯ ವಿದ್ಯಾರ್ಥಿಗಳು, ಎಲ್ಲರೂ ಕೊಟ್ಟರು. ಅದೇ ಟ್ರಾಲಿಗೆ ಕಬ್ಬು ಹೇರುತ್ತಿದ್ದ ಹೆಣ್ಣುಮಗಳೊಬ್ಬಳು "ಪಾಪ, ಮೂಕ ಜೀವ ಐತ್ರಿ" ಎಂದು ಸೆರಗಿನ ಗಂಟು ಬಿಚ್ಚಿದಳು. ಗುರುವಾರದ ಹೊತ್ತಿಗೆ ಬೇಕಾದಷ್ಟು ಕೂಡಿತು.

"ನಾಳೆ ಮುಂಜಾನೇನ ಗಾಡಿ ಹೇಳ್ತೀನ್ರಿ ಮಾಸ್ತರ" ಎಂದರು ಅಕ್ಕಾರು.

ನಾನು ಎಡವಿದ್ದು ಇಲ್ಲಿ. ನಮ್ಮ ಕಡೆ ಸತ್ಕಾರವಿಲ್ಲದೆ ಯಾವ ಕೆಲಸವೂ ಮುಗಿಯುವುದಿಲ್ಲ. ಬೋರಿಗೆ ನೀರು ಬಿದ್ದರೂ ಶಾಲು, ಪೆಂಡಾಲು ಹಾಕಿದವನ ತಲೆಗೂ ಪಟಕಾ.

"ಕೊಟ್ಟವರಿಗೆ ಒಂದ ಶಾಲ ಹೊದಸದ ಹ್ಯಾಂಗ್ರಿ ಅಕ್ಕಾರ? ನಮ್ಮೂರ ಮುಖಂಡರ ಕೈಯಿಂದ ಸ್ಟೇಜಿನ ಮ್ಯಾಲ ನಿಮಗ ಚೆಕ್ ಕೊಡಸೂಣು. ಆಮ್ಯಾಲ ನಾಯಿ ಒಯ್ಯೂಣು."

"ನಾಯಿಗೆ ಬೇಕಾಗಿದ್ದು ಕಾಲ ರೀ, ಶಾಲ ಅಲ್ಲ."

"ಇನ್ನೂ ಐದ ದಿನ ಅದಾವಲ್ಲ?" ಎಂದೆ. ಗಣಿತದವನಲ್ಲವೇ, ಲೆಕ್ಕ ಬಾಯಲ್ಲೇ ಇತ್ತು.

ರವಿವಾರ ಗೊತ್ತು ಮಾಡಿದೆ. ಮುಖಂಡರಿಗೆ ರವಿವಾರ ಮುಗಳಖೋಡದಲ್ಲಿ ಮದುವೆ. ಬುಧವಾರ ಬರುತ್ತೇನೆಂದರು. ಡಾಕ್ಟರು ಹೇಳಿದ ಎಂಟು ದಿನಕ್ಕಿಂತ ಒಂದು ದಿನ ಹೆಚ್ಚಾದರೆ ಕಾಲು ಎಲ್ಲಿ ಓಡಿಹೋಗುತ್ತದೆ ಎಂದುಕೊಂಡೆ. ಬ್ಯಾನರ್ ಮಾಡಿಸಲು ಸಮಯ ಸಿಕ್ಕಿತೆಂದು ಒಳಗೊಳಗೇ ಖುಷಿಯೂ ಆಯಿತು. ಶಾಲು, ಪಟಕಾ, ಬ್ಯಾನರ್ ಎಲ್ಲ ನನ್ನ ಪೆನ್ಶನ್ನಿನಿಂದ. ನಾಯಿಯ ದುಡ್ಡಿನಲ್ಲಿ ಒಂದು ಪೈಸೆ ಮುಟ್ಟಲಿಲ್ಲ. ಅದರ ದಿನಗಳನ್ನಷ್ಟೇ ತಿಂದೆ.

ಬ್ಯಾನರಿನಲ್ಲಿ ಕೈಮುಗಿದ ನಾನು ಆಳೆತ್ತರ ಇದ್ದೆ. ನಾಯಿ ಕೆಳಗಿನ ಮೂಲೆಯಲ್ಲಿ, ಪೋಸ್ಟಿನ ಸ್ಟಾಂಪಿನಷ್ಟು.

ಬುಧವಾರ ಮುಖಂಡರು ಎರಡು ತಾಸು ತಡವಾಗಿ ಬಂದು ಎಲ್ಲರಿಗೂ ಶಾಲು ಹೊದಿಸಿದರು. ಉತ್ಸಾಹದಲ್ಲಿ ನಾಯಿಗೂ ಚೆಂಡುಹೂವಿನ ಮಾಲೆ ಹಾಕಿದರು. ಅದು ಜ್ವರದಲ್ಲಿ ನಡುಗುತ್ತಲೇ ಬಾಲ ಅಲ್ಲಾಡಿಸಿತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ ಎಂಬ ಗಾದೆ ನನಗೆ ಹೊಳೆಯಲಿಲ್ಲ. ಹೊಳೆದಿದ್ದರೆ ಅದನ್ನೂ ಭಾಷಣದಲ್ಲಿ ಸೇರಿಸುತ್ತಿದ್ದೆ.

ಗುರುವಾರ ಕೊಲ್ಲಾಪುರ ಮುಟ್ಟಿದೆವು. ಅಲ್ಲಿನ ಡಾಕ್ಟರು ಪಟ್ಟಿ ಬಿಚ್ಚಿದರು. ಕಾಲು ಕೀವಾಗಿ ನಾರುತ್ತಿತ್ತು. "ಆಧೀ ಕಾ ನಾಹೀ ಆಣಲಂ?" ಎಂದು ನನ್ನನ್ನೇ ನೋಡಿ ಕೇಳಿದರು, ಮೊದಲೇ ಯಾಕೆ ತರಲಿಲ್ಲ ಎಂದು. ದಿನಾ ಮರಾಠಿ ಪೇಪರ್ ಓದುವ ನಾನು, ಮರಾಠಿಯೇ ಬಾರದವನಂತೆ ಗೋಡೆ ನೋಡಿದೆ. ಅಕ್ಕಾರೇ ಉತ್ತರ ಕೊಟ್ಟರು. ಗಾಡಿ ಸಿಗಲಿಲ್ಲ ಎಂದರು. ನನ್ನ ಮಾನ ಉಳಿಸಲು ಆ ತಾಯಿ ಹೇಳಿದ ಸುಳ್ಳಿನಷ್ಟು ಯಾವ ಬೈಗುಳವೂ ನನಗೆ ಇವತ್ತಿಗೂ ತಾಗಿಲ್ಲ.

ಪ್ಲೇಟ್ ಹಾಕುವ ಮಾತೇ ಬರಲಿಲ್ಲ. ಜೀವ ಉಳಿಸಲು ಕಾಲು ತೆಗೆದರು. ವಾಪಸ್ಸು ಬರುವಾಗ ನನ್ನ ಸತ್ಕಾರದ ಶಾಲಿನಲ್ಲೇ ನಾಯಿಯನ್ನು ಸುತ್ತಿಕೊಂಡು ತೊಡೆಯ ಮೇಲೆ ಮಲಗಿಸಿಕೊಂಡೆ. ಕಾಗವಾಡ ದಾಟುವತನಕ ಅತ್ತೆ. ನಾಚಿಕೆಯಿಂದ ಅತ್ತೆ.

ಈಗ ಯಾರಾದರೂ ದುಡ್ಡು ಕೊಟ್ಟರೆ ಅವತ್ತೇ ಅಕ್ಕಾರ ಕೈಗೆ ಮುಟ್ಟಿಸಿ ಮನೆಗೆ ಹೋಗುತ್ತೇನೆ. ಥ್ಯಾಂಕ್ಸ್ ಹೇಳಲೂ ಹೆದರಿಕೆ.

ಬ್ಯಾನರ್ ಮಾತ್ರ ಶೆಡ್ಡಿನಲ್ಲೇ ಇದೆ. ಥಂಡಿಗಾಳಿಗೆ ಅಡ್ಡವಾಗಲೆಂದು ಅಕ್ಕಾರು ಅದನ್ನು ತಂತಿಜಾಳಿಗೆ ಬಿಗಿದಿದ್ದಾರೆ, ನನ್ನ ಫೋಟೋ ನಾಯಿಗಳ ಕಡೆಗೆ. ಗಂಡುನಾಯಿಗಳೆಲ್ಲ ದಿನಾ ಬಂದು ನನ್ನ ಮೇಲೆ ಕಾಲೆತ್ತುತ್ತವೆ. ಕಂದು ನಾಯಿಗೆ ಎತ್ತುವ ಭಾಗ್ಯವಿಲ್ಲ. ಇರುವ ಒಂದು ಹಿಂಗಾಲನ್ನು ನೆಲಕ್ಕೂರಿ, ಬೀಳದಂತೆ ನನ್ನ ಫೋಟೋಕ್ಕೆ ಒರಗಿ ನಿಂತು ಕೆಲಸ ಮುಗಿಸುತ್ತದೆ. ನಾನು ಅದಕ್ಕೆ ಆಸರೆಯಾದದ್ದು ಅಷ್ಟೇ.