ಏರದ ಗಿಟಾರು, ಇಳಿಯದ ಕಾಕು

ಬೆಳಿಗ್ಗೆ ನಲ್ಲಿಯಲ್ಲಿ ನೀರು ಬಂತು, ತುಂಬಿಟ್ಟೆ. ನಿನ್ನೆ ನೆನೆಹಾಕಿದ್ದ ಸಾಬುದಾಣಿ ಸರಿಯಾಗಿ ಮೆತ್ತಗಾಗಿದೆಯೇ ಎಂದು ಬೆರಳಲ್ಲಿ ಹಿಸುಕಿ ನೋಡಿದೆ. ಶೇಂಗಾ ಹುರಿದು ಬಾಲ್ಕನಿಯಲ್ಲಿ ನಿಂತು ಸಿಪ್ಪೆ ಊದಿದೆ. ಸಿಪ್ಪೆ ಹಾರಿ ಕೆಳಗಿನ ಮನೆಯವರ ಒಗೆದ ಬಟ್ಟೆಯ ಮೇಲೆ ಕೂತಿತು, ಇಳಿದು ಹೋಗಿ ಕ್ಷಮೆ ಕೇಳಿ ಬಂದೆ. ಸೀರೆಗೆ ಫಾಲ್ ಹೊಲಿದೆ. ದೇವರ ಸಾಮಾನನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿದೆ. ಕೊನೆಗೆ ಗಿಟಾರನ್ನು ಒಣ ಬಟ್ಟೆಯಲ್ಲಿ ಒರೆಸಿದೆ. ‘ಒಣ ಬಟ್ಟೆ’ ಎಂಬುದನ್ನು ಒತ್ತಿ ಹೇಳುತ್ತಿದ್ದೇನೆ. ನಾನು ಹುಣಸೆಹಣ್ಣಿನ ಡಬ್ಬಿ ತೆಗೆದರೆ ಸಾಕು, ನಮ್ಮ ಯಜಮಾನರು ಗಿಟಾರನ್ನು ಎತ್ತಿಕೊಂಡು ಮಲಗುವ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾರೆ.

ಅವರ ಭಯಕ್ಕೆ ಕಾರಣವಿದೆ. ಈ ಗಿಟಾರಿನ ಕತ್ತು ಮಾತ್ರ ಕಟ್ಟಿಗೆಯದು, ಮೈಯೆಲ್ಲ ಹಿತ್ತಾಳೆ. ಮೇಲೆ ಬೆಳ್ಳಗೆ ನಿಕ್ಕಲ್ ಲೇಪ. ಮೊಣಕೈ ತಾಗುವಲ್ಲಿ ಲೇಪ ಸವೆದು ಒಳಗಿನ ಹಳದಿ ಇಣುಕುತ್ತದೆ. ಪಾತ್ರೆ ತಿಕ್ಕಿ ರೂಢಿಯಾದವರಿಗೆ ಅದನ್ನು ನೋಡಿದರೆ ಕೈ ಸುಮ್ಮನಿರುವುದಿಲ್ಲ. ಹಳೆ ಬಟ್ಟೆಗೆ ಪಾತ್ರೆ ಕೊಡುವ ಹೆಂಗಸು ಒಮ್ಮೆ ನಮ್ಮ ಹಡಪಸರದ ಮನೆ ಬಾಗಿಲಿಗೆ ಬಂದವಳು ಗಿಟಾರನ್ನು ಗೆಣ್ಣಿನಿಂದ ತಟ್ಟಿ, ಕಿವಿಗೊಟ್ಟು ಕೇಳಿ, ಇದನ್ನು ಕೊಟ್ಟರೆ ಮುಚ್ಚಳ ಸಮೇತ ದೊಡ್ಡ ಪಾತೇಲಿ ಕೊಡುತ್ತೇನೆ ಎಂದಳು. ಒಂದು ಗಳಿಗೆ ನನ್ನ ಮನಸ್ಸು ಮುಚ್ಚಳದ ಕಡೆಗೆ ವಾಲಿದ್ದು ನಿಜ.

ಇದು ನಮ್ಮವರ ಕೈ ಸೇರಿದ್ದು ಮದುವೆಗೆ ಮುಂಚೆ. ಆಗ ಅವರು ಶಿವಾಜಿನಗರದಲ್ಲಿ, ಕರಾವಳಿಯ ಕಡೆಯ ಶೀನಪ್ಪಣ್ಣ ಎಂಬವರ ಹೋಟೆಲಿನಲ್ಲಿ ಊಟಕ್ಕಿದ್ದರು. ಯಾವುದೋ ಬ್ಯಾಂಡಿನ ಮುದುಕನೊಬ್ಬ ಅಲ್ಲಿ ಇಟ್ಟುಹೋದ ಗಿಟಾರು ಅಟ್ಟದ ಮೇಲೆ, ಒಡೆದ ಇಡ್ಲಿ ಪಾತ್ರೆಗಳ ನಡುವೆ ವರ್ಷಗಟ್ಟಲೆ ಮಲಗಿತ್ತು. ಹೋಟೆಲಿಗೆ ಬಣ್ಣ ಬಳಿಸುವಾಗ ಶೀನಪ್ಪಣ್ಣ, “ನೀವು ತಗಡಿನ ಕೆಲಸದವರು ಮಾರಾಯ್ರೆ, ಇದು ನಿಮಗೇ ಸರಿ” ಎಂದು ಕೊಟ್ಟುಬಿಟ್ಟರಂತೆ. ರಾಂಜಣಗಾಂವದ ಕಾರ್ಖಾನೆಯಲ್ಲಿ ತಗಡು ಎಲ್ಲಿ ಬಾಗಿದೆ, ಎಲ್ಲಿ ಬಾಗಬಾರದಿತ್ತು ಎಂದು ತಪಾಸಣೆ ಮಾಡುವುದು ಇವರ ಕೆಲಸ. ಸಂಗೀತ ಅವರಿಗೆ ಸ್ವಂತವಾಗಿ, ಸಾವಕಾಶವಾಗಿ, ಅಕ್ಕಪಕ್ಕದವರ ಸಹನೆಯ ಮೇಲೆ ಬಂದದ್ದು.

ಇಂಥ ಗಿಟಾರಿಗೆ ತಂತಿ ಆರಿಸುವುದು ರವೆ ಆರಿಸಿದ ಹಾಗೆ. ಶಿರಾಕ್ಕೆ ಸಣ್ಣದು, ಉಪ್ಪಿಟ್ಟಿಗೆ ದಪ್ಪದ್ದು. ತಪ್ಪಿದರೆ ಒಲೆಯನ್ನು ಬೈದು ಪ್ರಯೋಜನವಿಲ್ಲ. ಗಿಟಾರಿನ ಹೊಟ್ಟೆಯೊಳಗೆ ಕಾಗದದಷ್ಟು ತೆಳುವಾದ ಅಲ್ಯುಮಿನಿಯಂ ತಟ್ಟೆಯೊಂದಿದೆ. ತಂತಿಗಳು ತಮ್ಮನ್ನು ಹೊತ್ತ ಕಟ್ಟಿಗೆಯ ತುಂಡಿನ, ಅಂದರೆ ಕುದುರೆಯ ಮೂಲಕ ಅದನ್ನು ಒತ್ತುತ್ತವೆ. ಒತ್ತಿದರೆ ಅದು ಮಾತಾಡುತ್ತದೆ. ಕುಕ್ಕರಿನ ಸೀಟಿಯನ್ನು ನೆನೆಸಿಕೊಳ್ಳಿ. ಮೇಲೆ ಭಾರವಿಲ್ಲದಿದ್ದರೆ ಬರೀ ಉಸ್ಸೆನ್ನುತ್ತದೆ; ಭಾರ ಅತಿಯಾದರೆ ನಾವೇ ಅಡುಗೆಮನೆಯಿಂದ ಓಡಬೇಕು. ಮೊದಲು ನಮ್ಮವರು ಬೆರಳು ನೋಯುತ್ತದೆಂದು ಸಣ್ಣ ತಂತಿ ಹಾಕಿದ್ದರು. ಜರಡಿಗೆ ಸೌಟು ಬಡಿದ ಸದ್ದು. ದಪ್ಪ ತಂತಿ ಹಾಕಿದ ದಿನ ಪಕ್ಕದ ಮನೆಯವರು ಬಾಗಿಲು ತಟ್ಟಿದರು. ಬೈಯಲು ಬಂದರೆಂದುಕೊಂಡೆವು, ಮನೆಯಲ್ಲಿ ಪೂಜೆಯೇ ಎಂದು ಕೇಳಿ ಪ್ರಸಾದಕ್ಕೆ ನಿಂತರು.

ಇನ್ನು ಶ್ರುತಿ. ಎಲ್ಲರ ಹಾಗೆ ಶ್ರುತಿ ಮಾಡಿದರೆ ಎಡಗೈ ಬೆರಳುಗಳನ್ನು ಏಡಿಯ ಹಾಗೆ ಮಡಚಬೇಕು. ನಮ್ಮವರ ಬೆರಳು ಮಡಚುವ ಜಾತಿಯದಲ್ಲ. ಆದ್ದರಿಂದ ಅವರು ಆರೂ ತಂತಿಗಳನ್ನು ಪ ಸ ಪ ಸ ಗ ಪ ಎಂದು ಬಿಗಿದುಕೊಂಡಿದ್ದಾರೆ. ಏನನ್ನೂ ಒತ್ತದೆ ಸುಮ್ಮನೆ ಕೈಯಾಡಿಸಿದರೆ ತಂಬೂರಿಯ ಹಾಗೆ ತುಂಬಿ ಬರುತ್ತದೆ. ಉಕ್ಕಿನ ನಳಿಗೆಯನ್ನು ಬೆರಳಿಗೆ ಸಿಕ್ಕಿಸಿ ತಂತಿಯ ಮೇಲೆ ಜಾರಿಸಿದರೆ ಬೇಕಾದ ಸ್ವರಕ್ಕೆ ಹೋಗಬಹುದಂತೆ. ಇವರು ಜಾರಿಸಿದರೆ ಸ್ವರ ಕಂಪನಿ ಬಸ್ಸಿನಲ್ಲಿ ನಿಂತು ಬಂದವರ ಹಾಗೆ ನಡುಗುತ್ತದೆ. ಗಟ್ಟಿಯಾಗಿ ನಿಲ್ಲುವುದು ಮುಟ್ಟದೆ ಬಿಟ್ಟಾಗ ಮಾತ್ರ, ಅದೂ ಹಾರ್ಮೋನಿಯಂನ ಐದನೆಯ ಬಿಳಿ ಮನೆಯಲ್ಲಿ. ಇಲ್ಲಿಯ ಮರಾಠಿಯವರು ಅದನ್ನು ಪಾಂಢರೀ ಪಾಚ್ ಎನ್ನುತ್ತಾರೆ.

ತೊಂದರೆ ಶುರುವಾದದ್ದು ನನ್ನ ಬಾಯಿಂದ. ನಮ್ಮ ಸೊಸೈಟಿಯ ಭಜನಾ ಮಂಡಳಿಯಲ್ಲಿ ಪೇಟಿ, ಎಂದರೆ ಹಾರ್ಮೋನಿಯಂ, ನುಡಿಸುತ್ತಿದ್ದವರು ಮಗಳ ಬಾಣಂತನಕ್ಕೆಂದು ನಾಸಿಕಕ್ಕೆ ಹೋದರು. ಪೇಟಿ ಅವರದೇ, ಅದೂ ಹೋಯಿತು. ಏಕಾದಶಿ ಹತ್ತಿರ ಬಂತು. “ನಮ್ಮನಿಯವ್ರ ಗಿಟಾರ್ ಅದರಿ, ಶ್ರುತಿ ಛಲೋ ಹಿಡೀತದ” ಎಂದುಬಿಟ್ಟೆ. ಮನೆಗೆ ಬಂದು ಹೇಳಿದ್ದೇ ತಡ, ಯಜಮಾನರು ಒಳಗೆ ಹೋಗಿ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದು ಅಭ್ಯಾಸಕ್ಕೆ ಕೂತರು. ಬಾರಿಸಿರಿ ಎಂದು ಅವರನ್ನು ಈವರೆಗೆ ಯಾರೂ ಕರೆದಿರಲಿಲ್ಲ. ನಿಲ್ಲಿಸಿರಿ ಎಂದವರಿದ್ದರು.

ಮಂಡಳಿಗೆ ಮುಖ್ಯಸ್ಥೆ ವಿಮಲಾ ಕಾಕು; ಕಾಕು ಎಂದರೆ ಇಲ್ಲಿ ಚಿಕ್ಕಮ್ಮ. ಹುಟ್ಟಿದ್ದು ಸೊಲ್ಲಾಪುರ, ಮರಾಠಿಯಲ್ಲಿ ಹಾಡುತ್ತಾರೆ, ಕನ್ನಡದಲ್ಲಿ ಬೈಯುತ್ತಾರೆ. ಅವರದು ಕಾಳೀ ಪಾಚ್, ಐದನೆಯ ಕಪ್ಪು ಮನೆ. ನಮ್ಮ ಗಿಟಾರಿಗಿಂತ ಮೂರು ಮೆಟ್ಟಿಲು ಮೇಲೆ. ಹರೆಯದಲ್ಲಿ ಅಲ್ಲಿ ಹಾಡಿ ಬಹುಮಾನ ಪಡೆದವರು, ಮತ್ತೆ ಕೆಳಗಿಳಿದಿಲ್ಲ. ಅವರ ಹಿಂದೆ ನಾವೆಲ್ಲ ಮೇಲಿನ ಷಡ್ಜಕ್ಕೆ ಹೋಗುವಾಗ ಹಿಮ್ಮಡಿ ಎತ್ತುತ್ತೇವೆ. ಕೆಲವರು ಬಾಯಿ ಮಾತ್ರ ತೆರೆಯುತ್ತಾರೆ. ಆ ಕೆಲವರಲ್ಲಿ ನಾನೂ ಒಬ್ಬಳು.

“ಕಾಕು, ಪಾಂಢರೀ ಪಾಚ್‌ಗೆ ಒಂದೀಟು ಇಳೀತೀರೇನ್ರಿ?” ಎಂದು ಕೇಳಿದೆ.

“ನಿನ್ ಗಂಡನ ಡಬರಿ ಸಲುವಾಗಿ ನಾ ಇಳೀಲೇನು? ಕಾಳೀ ಪಾಚ್‌ಗೆ ಹತ್ತಿದ್ರ ಬರ್ಲಿ. ಇಲ್ಲಂದ್ರ ಮೊಬೈಲ್‌ದಾಗ ತಂಬೂರಿ ಅದ, ಅದನ್ನ ಇಡ್ತೇನಿ.”

ಹೀಗೆ ನಮ್ಮ ಯಜಮಾನರಿಗೂ ಒಂದು ಮೊಬೈಲಿಗೂ ಸ್ಪರ್ಧೆ ಏರ್ಪಟ್ಟಿತು.

ಮೊದಲು ದಪ್ಪ ತಂತಿಯನ್ನೇ ಏರಿಸಿ ನೋಡಿದರು. ಒಂದು ಮೆಟ್ಟಿಲು ಏರಿತು. ಎರಡನೆಯದಕ್ಕೆ ತಂತಿ ಬಿಗಿಯುವ ಬಿರಡೆ ಕಿರ್ರೆಂದಿತು. ಗಿಟಾರನ್ನು ಕಣ್ಣಿನ ಮಟ್ಟಕ್ಕೆ ಎತ್ತಿ, ಒಂದು ಕಣ್ಣು ಮುಚ್ಚಿ, ಕಾರ್ಖಾನೆಯಲ್ಲಿ ತಗಡು ನೋಡುವ ಹಾಗೆ ಕತ್ತನ್ನು ನೋಡಿದರು. “ಶಾಂತಾ, ಇದು ಇನ್ನ ಬಾಗ್ತದ. ಹಳೇ ಕಟ್ಟಿಗಿ. ಒಮ್ಮೆ ಬಾಗಿದ್ರ ಮತ್ತ ನೆಟ್ಟಗಾಗಂಗಿಲ್ಲ” ಎಂದು ಸಡಿಲಿಸಿದರು. ಆಮೇಲೆ ಸಣ್ಣ ತಂತಿ ತಂದರು. ಸಣ್ಣ ತಂತಿ ಜಗ್ಗದೆ ಮೇಲೇರುತ್ತದೆ, ಕತ್ತಿಗೂ ಭಾರವಿಲ್ಲ. ಕಾಳೀ ಪಾಚ್ ಹತ್ತಿಯೂ ಹತ್ತಿತು! ಆದರೆ ತಂತಿ ಕೂರುವ ಕಚ್ಚುಗಳನ್ನು ಹಿಂದಿನವರು ದಪ್ಪ ತಂತಿಗೆಂದು ಕೊರೆದಿದ್ದರು. ಅದರಲ್ಲಿ ಈ ಸಣ್ಣವು, ಅತ್ತೆಯ ಕುಪ್ಪಸ ತೊಟ್ಟ ಹೊಸ ಸೊಸೆಯ ಹಾಗೆ ಅತ್ತಿತ್ತ ಸರಿದಾಡಿದವು. ಪ್ರತಿ ಸ್ವರಕ್ಕೂ ಒಂದು ನೊಣ ಗುಂಯ್ ಎಂದಿತು. ಯಜಮಾನರು ತಂತಿ ಬಿಚ್ಚಿ, ಸುತ್ತಿ, ಲಕೋಟೆಗೆ ಹಾಕಿದರು. ಇಸ್ತ್ರಿ ಅಂಗಿಯನ್ನೂ ಕಳಚಿ ಗೂಟಕ್ಕೆ ಹಾಕಿದರು. ನನಗೆ ಸಂಕಟವಾದದ್ದು ಆ ಅಂಗಿಯನ್ನು ನೋಡಿ.

“ದಪ್ಪನ್ನೇ ಹಾಕ್ರಿ” ಎಂದೆ. “ನಿಮ್ಮ ಪಾಂಢರೀ ಪಾಚ್‌ದಾಗ ಇಡ್ರಿ. ಏಕಾದಶಿ ದಿನ ಬಂದು ಸುಮ್ನ ಬಾರಿಸ್ರಿ. ಯಾರರ ಏನರ ಕೇಳಿದ್ರ ನಾ ನೋಡ್ತೇನಿ.”

“ಕಾಕುಗ ಗೊತ್ತಾಗ್ತದ.”

“ಪೇಟಿ ನಾಸಿಕದಾಗ ಅದ. ಹ್ಯಾಂಗ ಗೊತ್ತಾಗ್ತದ?”

ಇಂದು ಏಕಾದಶಿ. ಮಧ್ಯಾಹ್ನ ಸೊಸೈಟಿಯ ಹಾಲ್‌ನಲ್ಲಿ ಅವರು ರಜೆ ಹಾಕಿ, ಅದೇ ಅಂಗಿ ತೊಟ್ಟು, ಹಿತ್ತಾಳೆಯ ಮೈಯನ್ನು ತೊಡೆಯ ಮೇಲಿಟ್ಟು ಕೂತರು. ಬಳಗದ ಹೆಂಗಸರು ಗಿಟಾರಿನಲ್ಲಿ ಮುಖ ನೋಡಿಕೊಂಡು ಕುಂಕುಮ ಸರಿಮಾಡಿಕೊಂಡರು. ಯಜಮಾನರು ತಂತಿಗಳ ಮೇಲೆ ಕೈಯಾಡಿಸಿದರು. ಹಾಲ್ ಇಡೀ ನಾದ ತುಂಬಿತು.

ಕಾಕು ಕಣ್ಣು ಮುಚ್ಚಿ ಕೇಳಿದರು. ಕಣ್ಣು ತೆರೆದರು. “ಕಾಳೀ ಪಾಚ್ ಏನು?”

ನಮ್ಮವರು ತಪಾಸಣೆಯ ಇಲಾಖೆಯವರು, ಇದ್ದದ್ದನ್ನು ಇದ್ದ ಹಾಗೆ ಬರೆದು ರೂಢಿ. ಬಾಯಿ ತೆರೆದೇಬಿಟ್ಟರು. ನಾನು ಅವರ ಮುಂದೆ ನೀರಿನ ತಂಬಿಗೆ ಹಿಡಿದೆ. “ಮೊದ್ಲ ಗಂಟಲಾ ಹಸಿ ಮಾಡ್ಕೋರಿ” ಎಂದು, ಕಾಕು ಕಡೆ ತಿರುಗಿ, “ಹಾಡಿ ನೋಡ್ರಲ್ಲ ಕಾಕು” ಎಂದೆ.

ಕಾಕು ಚೀಲದ ಮೇಲೆ ಕೈಯಿಟ್ಟರು. ಮೊಬೈಲು ಅದರೊಳಗಿತ್ತು, ಅದರೊಳಗೆ ತಂಬೂರಿ. ಜಿಪ್ಪನ್ನು ಹಿಡಿದರು, ಬಿಟ್ಟರು. ಹಾಡಲು ಶುರುಮಾಡಿದರು.

ಮೇಲಿನ ಷಡ್ಜ ಬಂದಾಗ ನಾನು ರೂಢಿಯಂತೆ ಹಿಮ್ಮಡಿ ಎತ್ತಿದೆ. ಎತ್ತುವ ಅಗತ್ಯವೇ ಇರಲಿಲ್ಲ. ಸ್ವರ ಕೈಗೆಟಕುವ ಕಪಾಟಿನಲ್ಲಿಟ್ಟ ಡಬ್ಬಿಯ ಹಾಗೆ ಸಿಕ್ಕಿತು. ಬಾಯಿ ಮಾತ್ರ ತೆರೆಯುತ್ತಿದ್ದವರಿಂದ ದನಿ ಹೊರಟು, ಅವರಿಗೇ ಗಾಬರಿಯಾಯಿತು. ಎಷ್ಟೋ ಕಾಲದ ಮೇಲೆ ಕಾಕು ಕತ್ತಿನ ನರ ಉಬ್ಬಿಸದೆ ಹಾಡಿದರು. ನಡುವೆ ನಕ್ಕರು ಕೂಡ.

ಮುಗಿದ ಮೇಲೆ ಒಬ್ಬಾಕೆ, “ಕಾಕು, ಇವತ್ತ ದನಿ ಭಾಳ ತೆರೆದಿತ್ತರಿ” ಎಂದರು.

“ನಂದು ಯಾವತ್ತೂ ಕಾಳೀ ಪಾಚ್” ಎಂದರು ಕಾಕು. ಚಪ್ಪಲಿ ಮೆಟ್ಟುವಾಗ ನನ್ನ ಭುಜ ಹಿಡಿದು, ದನಿ ತಗ್ಗಿಸಿ, “ನಿನ್ ಗಂಡಗ ಹೇಳು. ಮುಂದಿನ ಏಕಾದಶಿಗೂ ಇದ ಕಾಳೀ ಪಾಚ್ ಇರ್ಲಿ. ಬಿರಡಿಗೆ ಕೈ ಹಚ್ಚೂದು ಬ್ಯಾಡ” ಎಂದರು.

ಹಳೆಯ ಕತ್ತನ್ನು ಬಾಗಿಸಬಾರದೆಂದು ಗಿಟಾರಿನ ವಿಷಯದಲ್ಲಿ ನಮಗೆ ತಕ್ಷಣ ತಿಳಿದಿತ್ತು. ಮನುಷ್ಯರ ಕತ್ತಿನ ವಿಷಯದಲ್ಲಿ ಅದು ತಿಳಿಯಲು ಪೇಟಿ ಊರು ಬಿಡಬೇಕಾಯಿತು.

ರಾತ್ರಿ ಉಳಿದ ಸಾಬುದಾಣಿ ಖಿಚಡಿ, ಮೊಸರು, ಕಾಕು ಕಳಿಸಿದ ಎರಡು ಶೇಂಗಾ ಉಂಡೆ. ಒಂದೊಂದು ತಿಂದೆವು. ಮೊದಲು ಮಲಗಿದವರು ಯಜಮಾನರು. ಹೊಗಳಿಕೆ ಕೇಳಿ ಬಂದ ಗಂಡಸಿಗೆ ನಿದ್ದೆ ಬೇಗ. ಗಿಟಾರನ್ನು ಒಳಗೆ ಒಯ್ಯುವುದನ್ನೇ ಮರೆತು ಅಡುಗೆಮನೆಯ ಕುರ್ಚಿಯ ಮೇಲೆ ಬಿಟ್ಟಿದ್ದಾರೆ. ಹೆಂಗಸರ ಬೆರಳಿನ ಗುರುತು ಮೈತುಂಬ. ಹುಣಸೆಹಣ್ಣಿನ ಡಬ್ಬಿ ಕೈಯಳತೆಯಲ್ಲೇ ಇದೆ. ಮುಟ್ಟಲಿಲ್ಲ, ದೀಪ ಆರಿಸಿದೆ.